ಗೊಂಬೆಯಮ್ಮನ ಸೈಟು

ಸೈಟು ನೋಡಲು ಅಕ್ಕ ಬಂದೇ ಬಿಟ್ಟಳು. ಕಲ್ಲುಮಣ್ಣಿನಲ್ಲಿ ಓಡಾಡಬೇಕಾದೀತೆಂದು ಹಳೆಯ ಚಪ್ಪಲಿ ಮೆಟ್ಟಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅಳತೆ ಟೇಪು ಹಿಡಿದು, ಬಾಗಿಲಲ್ಲಿ ನಿಂತೇ "ಹೊರಡೋಣ್ವೇನೇ?" ಎಂದಳು. ತಂಗಿ ಆಗಲೇ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಮುರಿದ ಗೊಂಬೆಗಳನ್ನು ರಿಪೇರಿ ಮಾಡುವ ಅವಳನ್ನು ಬೀದಿಯವರೆಲ್ಲ ಗೊಂಬೆಯಮ್ಮ ಎಂದೇ ಕರೆಯುತ್ತಿದ್ದರು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಮಗಳು ಹೇಳಿದ್ದು ಇಷ್ಟೇ: "ನಿನ್ನ ಹೆಸರಲ್ಲೇ ಸೈಟು ರಿಜಿಸ್ಟರ್ ಮಾಡಿಸಿದೀನಿ ಕಣಮ್ಮ. ಸಂಜೆ ಬಂದು ತೋರಿಸ್ತೀನಿ." ಬಾಡಿಗೆ ಮನೆಗಳಲ್ಲೇ ಬೆಳ್ಳಗಾದ ತಲೆಗೆ ಅಷ್ಟು ಸಾಕಾಯಿತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮನೆ ಬದಲಾದಾಗಲೆಲ್ಲ ಅಂಗಡಿಯೂ ಬದಲಾಗಿ, ಕೈ ಮುರಿದ ಗೊಂಬೆ ಹಿಡಿದು ಬಂದವರು ಹಳೆಯ ಬಾಗಿಲು ತಟ್ಟಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗುತ್ತಿದ್ದರು. ಸ್ವಂತ ಮನೆಯಲ್ಲಿರುವ ಅಕ್ಕನಂತೂ ಬಂದಾಗಲೆಲ್ಲ "ನಿಮ್ಮದು ಅಂತ ಒಂದು ಜಾಗ ಯಾವಾಗ್ಲೇ?" ಎನ್ನುವಳು. ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ, ಆದರೂ ಚುಚ್ಚುತ್ತಿತ್ತು. ಹಾಗಾಗಿ ಮಗಳು ಬೀದಿಯ ತಿರುವು ದಾಟುವ ಮೊದಲೇ ಗೊಂಬೆಯಮ್ಮ ಅಕ್ಕನಿಗೆ ಫೋನು ಮಾಡಿಯಾಗಿತ್ತು.

ಸಂಜೆ ಮಗಳು ಒಳಗೆ ಕಾಲಿಟ್ಟಳೋ ಇಲ್ಲವೋ, ಅಕ್ಕ ಶುರು ಹಚ್ಚಿಕೊಂಡಳು.

"ಸೈಟು ನೋಡೋಕೆ ಅಂತಾನೇ ಬಂದೆ ಕಣೇ. ಟ್ರಾಫಿಕ್ ಹೇಗಿದೆ ಅಲ್ಲಿ?"

"ಇನ್ನೂ ಏನೂ ಇಲ್ಲ ದೊಡ್ಡಮ್ಮ. ಹೊಸದಲ್ವಾ, ನಿಧಾನಕ್ಕೆ ಬರುತ್ತೆ."

"ಬರದಿದ್ರೇ ಒಳ್ಳೇದು, ನೆಮ್ಮದಿಯಾಗಿ ಮಲಗಬಹುದು. ಕಟ್ಟೋಕೆ ಶುರು ಮಾಡಿದೀರಾ?"

"ಹೋಮ್ ಪೇಜ್ ಮುಗಿದಿದೆ. ಇನ್ನುಳಿದಿದ್ದನ್ನ ರಜಾ ದಿನ ಕೂತು ಕಟ್ತೀನಿ."

"ನೀನೇ ಕಟ್ತೀಯಾ? ಮೇಸ್ತ್ರಿ ಇಲ್ವಾ?"

"ಅದಕ್ಯಾಕೆ ಮೇಸ್ತ್ರಿ?" ಎನ್ನುತ್ತ ಮಗಳು ಗೊಂಬೆಯ ಕೈಕಾಲುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. "ನೋಡಮ್ಮ, ಇದೇ ನಿನ್ನ ವೆಬ್‌ಸೈಟು."

ಅಕ್ಕ ಪರದೆ ನೋಡಿದಳು, ಕೈಯಲ್ಲಿದ್ದ ಟೇಪು ನೋಡಿದಳು, ಆಮೇಲೆ ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೊಂಬೆಯಮ್ಮ ನಗಲಿಲ್ಲ. ಬೆಳಗಿನಿಂದ ಮನಸ್ಸಿನಲ್ಲೇ ಪಾಯ ತೋಡಿ, ಗೋಡೆ ಎಬ್ಬಿಸಿ, ಕಿಟಕಿ ಎಲ್ಲಿಡುವುದೆಂದೂ ತೀರ್ಮಾನಿಸಿದ್ದ ಹೆಂಗಸು ಅವಳು. ಮಗಳಿಗೆ ಈಗ ಎಲ್ಲ ಅರ್ಥವಾಗಿ ಮುಖ ಇಳಿಯಿತು. "ಅಮ್ಮ, ನಾನು ಬಿಡಿಸಿ ಹೇಳಬೇಕಿತ್ತು," ಎಂದಳು. ಗೊಂಬೆಯಮ್ಮ ಒಂದು ಗೊಂಬೆಯನ್ನು ಕೈಗೆತ್ತಿಕೊಂಡು, ತೋಳಿನೊಳಗೆ ಎಲಾಸ್ಟಿಕ್ ಪೋಣಿಸತೊಡಗಿದಳು. ಬಹಳ ಬೇಜಾರಾದಾಗ ಅವಳು ಮಾಡುತ್ತಿದ್ದುದೇ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆಯೇ ಕೇಳಿದಳು. "ಅದಕ್ಕೆ ಅಡ್ರೆಸ್ ಅಂತ ಏನಾದ್ರೂ ಇರುತ್ತಾ?"

"ಇದೆಯಲ್ಲ, ಡೊಮೈನ್ ಅಂತಾರೆ. ಗೊಂಬೆಯಮ್ಮ ಅಂತಾನೇ ತಗೊಂಡಿದೀನಿ. ಅದನ್ನ ಬ್ರೌಸರ್‌ನಲ್ಲಿ ಟೈಪ್ ಮಾಡಿದ್ರೆ ನಿನ್ನ ಬಾಗಿಲು ತೆರೆಯುತ್ತೆ."

"ಮತ್ತೆ ನಾವು ಮನೆ ಬದಲಾಯಿಸಿದ್ರೆ?"

"ನಾವು ಎಲ್ಲಿಗೆ ಹೋದ್ರೂ ಅದು ಬದಲಾಗಲ್ಲ. ಈ ಫೋಟೋ, ಬರಹ ಎಲ್ಲಾ ಸರ್ವರ್ ಅನ್ನೋ ಕಂಪ್ಯೂಟರ್‌ನಲ್ಲಿ ಇರುತ್ತೆ. ಅದು ಬಾಡಿಗೆ ಜಾಗ. ಆ ಸರ್ವರ್ ಬಿಟ್ಟು ಗಂಟುಮೂಟೆ ಕಟ್ಕೊಂಡು ಇನ್ನೊಂದಕ್ಕೆ ಹೋದ್ರೂ ಅಡ್ರೆಸ್ ಇದೇ. ಹುಡುಕ್ಕೊಂಡು ಬಂದವರು ಹಳೇ ಬಾಗಿಲು ತಟ್ಟಬೇಕಾಗಿಲ್ಲ ಕಣಮ್ಮ."

ಎಲಾಸ್ಟಿಕ್ ಪೋಣಿಸುವ ಕೈ ನಿಂತಿತು. ಅಕ್ಕ ಕಣ್ಣೊರೆಸಿಕೊಂಡು ನಡುವೆ ಬಾಯಿ ಹಾಕಿದಳು. "ಆ ಅಡ್ರೆಸ್ಸಾದ್ರೂ ಪೂರ್ತಿ ಸ್ವಂತದ್ದಾ?"

"ವರ್ಷಕ್ಕೊಂದು ಸಲ ರಿನ್ಯೂ ಮಾಡಿಸ್ಬೇಕು ದೊಡ್ಡಮ್ಮ."

"ಹಾಗಂದ್ರೆ ಅದೂ ಬಾಡಿಗೇನೇ," ಎಂದು ಅಕ್ಕ ಛತ್ರಿಯನ್ನು ಮೂಲೆಗೆ ಒರಗಿಸಿದಳು.

ಗೊಂಬೆಯಮ್ಮ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮೇಲೆ ಅವಳ ಹೆಸರು, ಅದರ ಕೆಳಗೆ ಅವಳು ಜೀವ ಕೊಟ್ಟ ಒಂದು ಗೊಂಬೆ, ಅದರ ಕೆಳಗೆ ಬರೀ ಬಿಳುಪು.

"ಈ ಖಾಲಿ ಜಾಗ ಯಾರದ್ದು?"

"ನಿನ್ನದೇ. ಏನು ಬೇಕಾದ್ರೂ ಹಾಕಬಹುದು. ನಮ್ಮ ಹತ್ರ ಇರೋದನ್ನ ಅಲ್ಲಿಗೆ ಏರಿಸೋದಕ್ಕೆ ಅಪ್‌ಲೋಡ್ ಅಂತಾರೆ."

"ಎಷ್ಟು ಬೇಕಾದ್ರೂ? ಗೋಡೆಗೆ ಮೊಳೆ ಹೊಡೀಬೇಡಿ ಅಂತ ಓನರ್ ಬರಲ್ವಾ?"

"ಓನರ್ ನೀನೇ ಕಣಮ್ಮ."

ಆ ಮಾತಿಗೆ ಗೊಂಬೆಯಮ್ಮನಿಗೆ ಎಂಥ ಖುಷಿಯಾಯಿತೆಂದರೆ, ಬೆಳಗಿನ ಸಂತೋಷ ಅದರ ಮುಂದೆ ಏನೂ ಅಲ್ಲ. ಮಂಚದ ಕೆಳಗೆ ತೂರಿ, ಹಳೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಎಳೆದು ತಂದಳು. ಮನೆಯಿಂದ ಮನೆಗೆ ಹೊತ್ತು ತಂದರೂ ಯಾವ ಗೋಡೆಯನ್ನೂ ಕಾಣದ ಚೌಕಟ್ಟುಗಳು. ಎಲ್ಲಕ್ಕಿಂತ ಮೇಲಿದ್ದ ಫೋಟೋದಲ್ಲಿ ಅಕ್ಕತಂಗಿಯರ ಅಮ್ಮ, ತೊಡೆಯ ಮೇಲೊಂದು ಚಿಂದಿಗೊಂಬೆ ಇಟ್ಟುಕೊಂಡು ಹೊಲಿಯುತ್ತ ಕೂತಿದ್ದಳು.

"ಮೊದಲು ನಮ್ಮಮ್ಮನ್ನ ಏರಿಸು," ಎಂದಳು.

ಮಗಳು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಅಪ್‌ಲೋಡ್ ಮಾಡಿದಳು. ಬಿಳಿ ಜಾಗದಲ್ಲಿ ಅಜ್ಜಿ ಮೂಡಿ ಬಂದಳು. ಆಮೇಲೆ ಅಕ್ಕ ಕುರ್ಚಿಯಿಂದ ಎದ್ದಳು, ಬಾಗಿಲ ತನಕ ಹಿಂದಕ್ಕೆ ಸರಿದಳು, ಒಂದು ಕಣ್ಣು ಮುಚ್ಚಿ ತಲೆ ಓರೆ ಮಾಡಿದಳು.

"ಎಡಗಡೆ ಸ್ವಲ್ಪ ಇಳಿದಿದೆ ಕಣೇ," ಎಂದಳು. "ಎತ್ತು. ಇನ್ನೂ ಒಂಚೂರು. ಹಾಂ, ಅಲ್ಲೇ ಹೊಡಿ ಮೊಳೆ."