ಗೋಡೆ ದಾಟದ ಡಬ್ಬಿಗಳು

ಮನೆಮನೆಯೂ ಒಂದೊಂದು ದೇಶವಾದ ಮೇಲೆ ಮಂಗಳೂರಿನ ನಮ್ಮ ಓಣಿಯಲ್ಲಿ ಕಾಂಪೌಂಡು ಗೋಡೆಗಳೇ ಬಂದರುಗಳು. ಮೇಲಿಟ್ಟ ಡಬ್ಬಿಯನ್ನು ಗೋಡೆಯೇ ಮೂಸಿ ನೋಡಿ ಸುಂಕ, ಸಾಗಣೆ ದರ ಎರಡನ್ನೂ ಕೂಗುತ್ತದೆ. ದರ ಗಳಿಗೆಗೊಮ್ಮೆ ಬದಲಾಗುತ್ತದೆ.

"ಸುಜಯಕ್ಕ, ನನ್ನ ಏಳು ಡಬ್ಬಿ ನಿಮ್ಮಲ್ಲೇ ಉಂಟು," ಎಂದಳು ಪಕ್ಕದ ಮನೆಯ ಲವೀನಾ. "ನಾಳೆ ಮಗಳು ಗಂಡನ ಮನೆಗೆ ಹೋಗ್ತಾಳೆ, ಉಪ್ಪಿನಕಾಯಿ ತುಂಬಿಸ್ಲಿಕ್ಕೆ ಒಂದೂ ಇಲ್ಲ. ಖಾಲಿಯೇ ಕೊಡಿ ಮಾರಾಯ್ರೆ, ಖಾಲಿಗೆ ಸುಂಕ ಇಲ್ಲ."

"ಪಾತ್ರೆ ಖಾಲಿ ವಾಪಸ್ ಕೊಡ್ಲಿಕ್ಕೆ ಉಂಟಾ?" ಸುಜಯಕ್ಕ ಒಂದು ಡಬ್ಬಿಗೆ ಚಿಟಿಕೆ ಸಕ್ಕರೆ ಹಾಕಿ ಗೋಡೆಯ ಮೇಲಿಟ್ಟರು.

"ಸಕ್ಕರೆ. ಶೇಕಡಾ ಮುನ್ನೂರು," ಎಂದಿತು ಗೋಡೆ. ಮರುಕ್ಷಣವೇ, "ಅಲ್ಲ, ಐನೂರು."

"ಮನುಷ್ಯರಿಗೆ ಸುಂಕ ಇಲ್ಲ ಅಲ್ವಾ? ನೀನೇ ಈಚೆ ಬಾ," ಎಂದರು ಸುಜಯಕ್ಕ.

ಲವೀನಾ ಗೋಡೆ ಹತ್ತಿ ಇಳಿದಳು. ಸುಜಯಕ್ಕ ಅವಳ ಬಾಯಿಗೆ ಇಡೀ ಲಾಡು ತುರುಕಿದರು. ಮರ್ಯಾದೆ ಉಳಿಯಿತೆಂಬ ಸಮಾಧಾನದಲ್ಲಿ ಏಳೂ ಡಬ್ಬಿಗಳನ್ನು ಖಾಲಿಯಾಗಿಯೇ ಕೈಗಿತ್ತರು.

"ಡಬ್ಬಿ ಖಾಲಿ. ಸುಂಕವಿಲ್ಲ," ಎಂದಿತು ಗೋಡೆ. ಲವೀನಾ ಕೆನ್ನೆ ಉಬ್ಬಿಸಿಕೊಂಡೇ ಒಂದು ಕಾಲು ಆಚೆ ಹಾಕಿದಳು.

"ನಿಲ್ಲಿ. ನಿಯಮ ಈಗಷ್ಟೇ ಬದಲಾಗಿದೆ. ಬಾಯಿ ತೆರೆಯಿರಿ."