ಸುಬೇದಾರ್ ಸಾಹೇಬರ ಮೂರನೇ ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ... ಇದು ನಡೆದ ಕಥೆ. ನಾನು ಹೇಳಿದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾನು ಧಾರವಾಡದಲ್ಲಿ ಎಂ.ಎ. ಮಾಡಿದವನು. ಎಂ.ಎ. ಅಂದರೆ 'ಮಂಗ್ಯಾನ ಆಟ' ಅನ್ನುತ್ತಾರೆ ಓಣಿಯವರು... ಯಾರ ದನಿ ಕೇಳಿದರೂ ಹಾಗೇ ಮಾತಾಡಿ ತೋರಿಸುವ ಚಟ ನನಗೆ.

ಪಕ್ಕದ ಮನೆಯ ಯಮನಪ್ಪ ಹಾದಿಮನಿ ಕಾಕಾ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದವರು. ಮೊದಲೆಲ್ಲ ಸಂಜೆಯಾದರೆ ಸಾಕು, ಕಟ್ಟೆಯ ಮೇಲೆ ಗಡಿಯ ಹಿಮದ ಪೋಸ್ಟಿನ ಕಥೆ ಶುರು.

ಆ ಕಥೆಗಳ ಹೀರೋ ಅವರ ಸುಬೇದಾರ್, ವಿಜಯಪುರ ಕಡೆಯ ಕೋಟ್ಯಾಳ ಸಾಹೇಬರು. ದಿನಾ ಹಾಜರಿಯಲ್ಲಿ ಎಲ್ಲರೂ "ಸಬ್ ಠೀಕ್, ಸಾಬ್!" ಅಂತ ಕೂಗುವುದು ರೂಢಿ. ಸಾಹೇಬರು ಅಷ್ಟಕ್ಕೇ ಬಿಡುತ್ತಿರಲಿಲ್ಲವಂತೆ. ಒಬ್ಬೊಬ್ಬರನ್ನೂ ನಿಲ್ಲಿಸಿ ಮೂರು ಪ್ರಶ್ನೆ...

"ಹೊಟ್ಟಿ? ಕಾಲು? ಮನಸು?"

ಹಿಮದಲ್ಲಿ ನೋಯುವ ಕಾಲಿನ ಭಯವಿಲ್ಲವಂತೆ. ನೋವೇ ಗೊತ್ತಾಗದೆ ಮರಗಟ್ಟಿತೋ... ಆ ಕಾಲು ಹೋದಂತೆಯೇ.

ಕಾಕಾ ಆ ದನಿಯನ್ನು ಎಷ್ಟು ಸಲ ಮಾಡಿ ತೋರಿಸಿದ್ದರೆಂದರೆ, ನನಗೆ ಬಾಯಿಪಾಠವಾಗಿತ್ತು.

ಆದರೆ ಆರು ತಿಂಗಳಿಂದ ಕಥೆ ನಿಂತಿತ್ತು. "ಆರಾಮ ಅದೀರಿ ಕಾಕಾ?" ಅಂದರೆ, "ಆರಾಮ." ಅಷ್ಟೇ.

ಒಂದು ಬೆಳಿಗ್ಗೆ, ಇವರನ್ನು ನಗಿಸೋಣ ಅಂತ ಗೆಳೆಯನ ಫೋನ್ ಇಸಿದುಕೊಂಡು ಮಾಳಿಗೆ ಹತ್ತಿದೆ. ಕೆಳಗೆ ಕಟ್ಟೆಯ ಮೇಲೆ ಕಾಕಾ. ಅವರ ನಂಬರ್ ಒತ್ತಿ, ಸುಬೇದಾರರ ದನಿ ತೆಗೆದೆ.

"ಹವಾಲ್ದಾರ್ ಹಾದಿಮನಿ! ಕೋಟ್ಯಾಳ ಮಾತಾಡಾಕತ್ತೇನಿ! ರಿಪೋರ್ಟ್!"

ಬನಿಯನ್-ಲುಂಗಿಯಲ್ಲೇ ಕಾಕಾ ದಡಕ್ಕನೆ ಎದ್ದು ಸೆಟೆದು ನಿಂತರು... ಸಾವಧಾನ್! ನಾನು ಬಾಯಿಗೆ ಟವೆಲ್ ತುರುಕಿಕೊಂಡೆ.

"ಸಬ್ ಠೀಕ್, ಸಾಬ್!"

"ಹೊಟ್ಟಿ?"

"ಠೀಕ್, ಸಾಬ್!"

"ಕಾಲು?"

"ಠೀಕ್, ಸಾಬ್!"

"ಮನಸು?"

ಕಾಕಾನ ದನಿ ಇಳಿಯಿತು.

"ಸಾಬ್... ಮರಗಟ್ಟೇತ್ರಿ. ಮಗಳ ಲಗ್ನದಾಗ ಎಲ್ಲಾರೂ ನಕ್ಕರು, ಅತ್ತರು... ನನಗ ಏನೂ ಆಗಲಿಲ್ರಿ. ಯಾರಿಗೆ ಹೇಳೂದು? ಸಾಕಾಗೇತಿ ಸಾಬ್. ಇನ್ನ ಇರಬಾರದು ಅನಸಾಕತ್ತೇತಿ."

ನನ್ನ ಗಂಟಲಲ್ಲಿದ್ದ ಸುಬೇದಾರ್ ಓಡಿಹೋದ. ಉಳಿದದ್ದು ನನ್ನದೇ ಕೀರಲು ದನಿ.

"ಕಾಕಾ... ನಾನ್ರೀ... ಬಾಜೂ ಮನಿ ಮುಕುಂದ."

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಕಪಾಳಕ್ಕೆ ಬೀಳುತ್ತದೆ ಅಂದುಕೊಂಡೇ ಹೋದೆ. ಕಾಕಾ ಇನ್ನೂ ಸಾವಧಾನ್‌ನಲ್ಲೇ ನಿಂತಿದ್ದರು... ಫೋನ್ ಕಿವಿಗೇ ಇತ್ತು.

"ತಪ್ಪಾತ್ರಿ ಕಾಕಾ. ಒಂದ್ ಮಾತು ನೇರ ಕೇಳ್ತೀನಿ... ಜೀವಕ್ಕ ಏನರೆ ಮಾಡ್ಕೋಬೇಕಂತ ಮಾಡೀರೇನ್ರಿ?"

ಹೌದೆಂಬಂತೆ ತಲೆಯಾಡಿಸಿದರು. "ಯಾರೂ ಕೇಳಿದ್ದಿಲ್ಲೋ ಇದನ್ನ..."

ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಕಾಕಾನ ಹೆಂಡತಿ ಕಸ್ತೂರಿ ಕಾಕಿ ಬಂದು ಅವರ ಕೈ ಹಿಡಿದು ಕುಳಿತರು. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ವಿಚಾರಿಸಿ, ಅವತ್ತೇ ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು.

ಎರಡು ತಿಂಗಳು ಔಷಧಿ, ಮಾತು, ಸಂಜೆಯ ವಾಕಿಂಗ್... ಆಮೇಲೆ ಕಾಕಿ ಹಳೇ ಡೈರಿಯಿಂದ ಒಂದು ನಂಬರ್ ಹುಡುಕಿ ಕೊಟ್ಟರು. ನಾನು ಫೋನ್ ಮಾಡಿ, ನನ್ನ ಮಂಗಾಟವನ್ನೂ ಬಿಡದೆ ಎಲ್ಲ ಹೇಳಿದೆ.

ಮರುದಿನ ಬೆಳಿಗ್ಗೆ ಕಾಕಾನ ಫೋನ್ ರಿಂಗಾಯಿತು. ಸ್ಪೀಕರ್ ಆನ್.

"ಹವಾಲ್ದಾರ್ ಹಾದಿಮನಿ! ರಿಪೋರ್ಟ್!"

"ಏ ಮಂಗ್ಯಾ! ಮತ್ತ ಚಾಲೂ ಮಾಡಿದೇನಲೇ? ಬಾ ಇಲ್ಲಿ, ಕಿವಿ ಹಿಂಡ್ತೀನಿ!"

ಅಂದವರು ತಲೆ ಎತ್ತಿ ನೋಡಿದರೆ... ನಾನು ಗೇಟಿನಲ್ಲೇ ನಿಂತಿದ್ದೇನೆ. ಎರಡೂ ಕೈಯಲ್ಲಿ ಹಾಲಿನ ಪಾಕೀಟು. ಬಾಯಿ ಬಂದ್.

ಕಾಕಾನ ಹಿಮ್ಮಡಿ ಎರಡೂ ತಾವಾಗಿಯೇ ಕೂಡಿಕೊಂಡವು. "ಸಾ... ಸಾಬ್?"

"ಹೊಟ್ಟಿ?"

"ಠೀಕ್, ಸಾಬ್."

"ಕಾಲು?"

"ಠೀಕ್, ಸಾಬ್."

"ಮನಸು?"

"ಠೀಕ್ ಇಲ್ರಿ, ಸಾಬ್... ನೋಯಾಕತ್ತೇತಿ. ನಿನ್ನೆ ಮಗಳ ಫೋಟೋ ನೋಡಿ ಅತ್ತೇನ್ರಿ."

"ಶಾಬಾಶ್!" ಮುದಿ ದನಿ ನಡುಗಿತು. "ನೋಯಾಕತ್ತೇತಿ ಅಂದ್ರ ಜೀವ ಐತಿ. ಕಾಲು ಉಳೀತು, ಹಾದಿಮನಿ!"

ಆಮೇಲೆ ದನಿ ತಗ್ಗಿಸಿ... "ರಿಟೈರ್ ಆದಮ್ಯಾಲೆ ನನಗೂ ಯಾರೂ ಕೇಳಿಲ್ಲೋ. ನಾಳಿಂದ ನೀ ಕೇಳು... ಮೂರೂ ಕೇಳಬೇಕು."

"ಕೇಳ್ತೀನ್ರಿ, ಸಾಬ್. ನಿಮ್ಮ ಉಪಕಾರ..." ಕಾಕಾ ನನ್ನ ಕಡೆ ನೋಡಿದರು, ಕಾಕಿಯ ಕಡೆ ನೋಡಿದರು. ಮೂವರ ಕಣ್ಣೂ ಒದ್ದೆ.

"ಅದಿರ್ಲಿ..." ಫೋನಿನಲ್ಲಿ ಮತ್ತೆ ಗುಡುಗು. "ಮಂಗ್ಯಾ ಅಂದಿದ್ದು ಯಾರಿಗಲೇ?"

ಕಾಕಿ ನಕ್ಕರು. ನಾನು ನಕ್ಕೆ, ಹಾಲಿನ ಪಾಕೀಟು ಕೈಜಾರಿತು. ಆದರೆ ಎಲ್ಲರಿಗಿಂತ ಜೋರಾಗಿ, ಓಣಿಯ ತುದಿಗೆ ಕೇಳುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕವರು... ಯಮನಪ್ಪ ಕಾಕಾ.

*"ಆರಾಮ" ಅನ್ನುವುದು ಬರೀ ರೂಢಿಯ ಉತ್ತರ... ನಿಜವಾದ ಉತ್ತರ ಇನ್ನೊಂದು ಸಲ ಕೇಳಿದವರಿಗೇ ಸಿಗುತ್ತದೆ.*

ಇವತ್ತು ನಿಮಗೆ "ಆರಾಮ" ಅಂದವರಲ್ಲಿ ಯಾರನ್ನು ನೀವು ಇನ್ನೊಂದು ಸಲ ಕೇಳಬೇಕಿತ್ತು?