ತಡವಾಗಿ ಬರುವ ದನಿ

ತೀರಿಕೊಂಡವರ ದನಿ ಸರ್ವರ್‌ನಲ್ಲಿ, ಕೇಳಿದ್ದಕ್ಕೆ ಉತ್ತರಿಸುತ್ತ, ಒಂದು ವರ್ಷ ಮಾತ್ರ ಇರುತ್ತಿತ್ತು. ಮನೆಯವರಿಗೆ ಅಗಲಿಕೆ ರೂಢಿಯಾಗಲೆಂದು, ಕೊನೆಯ ತಿಂಗಳುಗಳಲ್ಲಿ ಉತ್ತರಗಳನ್ನು ತಡಮಾಡಿ, ನಡುನಡುವೆ ಮಾತುಗಳನ್ನು ಕಳೆದುಬಿಡುವುದು ವಾರಿಜಳ ಕೆಲಸ. ತನ್ನ ಅಮ್ಮನ ಸರದಿ ಬಂದಾಗ ಅವಳು ಅದನ್ನು ಬೇರೆಯವರಿಗೆ ಬಿಡಲಿಲ್ಲ. ಲ್ಯಾಪ್‌ಟಾಪ್ ತಂದು ಅಪ್ಪನ ಪಕ್ಕದಲ್ಲೇ ಕುಳಿತಳು.

"ಊಟ ಆಯ್ತಾ ಚೆಲುವಿ?" ಎಂದು ಫೋನಿನಲ್ಲಿ ಅಮ್ಮನನ್ನು ಕೇಳಿ ಅಪ್ಪ ಬಹಳ ಹೊತ್ತು ಕಾದರು.

"ನೀವು... ಮಾತ್ರೆ..." ಎಂದಷ್ಟೇ ಬಂತು.

ಅಪ್ಪ ಮಗಳ ಕಡೆ ತಿರುಗಿದರು. "ನಿಮ್ಮಮ್ಮಂಗೆ ಮಾತಾಡೋಕೂ ಆಯಾಸ ಆಗ್ತಿದೆ ಕಣಮ್ಮ. ಪಾಪ, ಮಲಗ್ಲಿ. ಇನ್ಮೇಲೆ ನಾನು ಕರೆಯಲ್ಲ."

ಅಪ್ಪ ಫೋನಿಟ್ಟು ಎದ್ದುಹೋದರು. ವಾರಿಜಳ ಹೆಡ್‌ಫೋನಿನಲ್ಲಿ, ಸರ್ವರ್ ಒಳಗಿನ ಅಮ್ಮನ ದನಿ ಒಂದಕ್ಷರವೂ ಕಳೆಯದೆ ಕೇಳುತ್ತಿತ್ತು.

"ರೀ, ಯಾಕೆ ಸುಮ್ಮನಾದ್ರಿ? ನನ್ ಮೇಲೆ ಕೋಪಾನಾ?"